ಭುಜ ನೋವಿಗೆ ಅಂತ ಹೋದೆ, ಕತ್ತಿನಲ್ಲಿ ಗಂಟು ಸಿಕ್ಕಿತು

ಒಂದೇ ವಾರದಲ್ಲಿ ಎರಡು ರಿಪೋರ್ಟ್ ಕೈಗೆ ಬಂದವು. ಮೊದಲನೆಯದು ಬಲ ಭುಜದ್ದು. ಅಲ್ಲಿನ ಒಂದು ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಹಿಡಿದಿಡುವ ಪಟ್ಟಿ, ಸ್ವಲ್ಪ ಹರಿದಿದೆ ಅಂತ ಇತ್ತು. ಎರಡನೆಯದು ಕತ್ತಿನ ಎಂಆರ್‌ಐ. ಕತ್ತಿನ ಮೂಳೆಗಳ ಬಗ್ಗೆ ಎಲ್ಲ ಹೇಳಿ ಮುಗಿಸಿ ಕೊನೆಯ ಸಾಲಿನಲ್ಲಿ, ಥೈರಾಯ್ಡ್ ಗ್ರಂಥಿಯ ಬಲಭಾಗದಲ್ಲಿ ಒಂದು ಗಂಟು ಕಾಣುತ್ತಿದೆ, ಅಲ್ಟ್ರಾಸೌಂಡ್ ಮಾಡಿಸುವುದು ಒಳ್ಳೆಯದು ಅಂತ ಬರೆದಿದ್ದರು. ನನಗೆ ಥೈರಾಯ್ಡ್ ತೊಂದರೆ ಇರಬಹುದು ಅಂತ ಯಾವತ್ತೂ ಅನ್ನಿಸಿರಲಿಲ್ಲ. ನುಂಗಲು ಕಷ್ಟವಿರಲಿಲ್ಲ, ದನಿ ಬದಲಾಗಿರಲಿಲ್ಲ, ಕನ್ನಡಿ ಮುಂದೆ ನಿಂತು ಎಷ್ಟು ನೋಡಿದರೂ ಏನೂ ಕಾಣುತ್ತಿರಲಿಲ್ಲ.

ಆಮೇಲಿನ ಒಂದು ವರ್ಷಕ್ಕೂ ಜಾಸ್ತಿ ಕಾಲ ಈ ಎರಡರ ಹಿಂದೆಯೇ ಹೋಯಿತು. ಭುಜಕ್ಕೂ "ಆಪರೇಷನ್ ಮಾಡಿಸಿಬಿಡಿ" ಅನ್ನುವ ಮಾತು ಬಂತು, ಗಂಟಿಗೂ ಬಂತು. ಎರಡನ್ನೂ ನಾನು ಮಾಡಿಸಲಿಲ್ಲ. ಹಾಗೆ ನಿರ್ಧರಿಸುವ ಧೈರ್ಯ ಬಂದಿದ್ದು ಯಾವುದೋ ದೇಶದಲ್ಲಿ ಯಾರೋ ರೋಗಿಗಳು ಸಂಶೋಧನೆಗೆ ಒಪ್ಪಿ ತಮ್ಮ ಮೈಯನ್ನೇ ಕೊಟ್ಟಿದ್ದರಿಂದ. ಅವರ ಬಗ್ಗೆ ಮಾತಾಡುವವರು ಕಡಿಮೆ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು. ನಾನು ಡಾಕ್ಟರ್ ಅಲ್ಲ. ನನ್ನ ನಿರ್ಧಾರ ನನ್ನ ಭುಜಕ್ಕೆ, ನನ್ನ ಗಂಟಿಗೆ ಸಂಬಂಧಪಟ್ಟದ್ದು. ಬೇರೆಯವರದ್ದು ಬೇರೆಯೇ ಇರಬಹುದು, ಅದು ಯಾವಾಗ ಅಂತಲೂ ಮುಂದೆ ಹೇಳುತ್ತೇನೆ.

ಮೊದಲು ಭುಜ. ನಾನು ಬಿದ್ದಿರಲಿಲ್ಲ, ಪೆಟ್ಟೂ ಆಗಿರಲಿಲ್ಲ. ಮೇಲಿನ ಕಪಾಟಿಗೆ ಕೈ ಚಾಚಿದರೆ ಚುಳ್ ಅನ್ನುತ್ತಿತ್ತು, ಅಷ್ಟೇ. ನಿಧಾನವಾಗಿ ಬಟ್ಟೆ ಹಾಕಿಕೊಳ್ಳುವಾಗ ತೋಳನ್ನು ಹಿಂದೆ ತರುವುದು ಕಷ್ಟವಾಯಿತು, ಬಲ ಮಗ್ಗುಲಿಗೆ ಮಲಗುವುದು ನಿಂತೇ ಹೋಯಿತು, ಕೊನೆಗೆ ಯಾವ ಮಗ್ಗುಲಿಗೆ ಮಲಗಿದರೂ ನಡುರಾತ್ರಿ ಎಚ್ಚರ. ಭುಜ ನೋವು ಇದ್ದವರಿಗೆ ಇದು ಗೊತ್ತಿರುತ್ತದೆ. ಹಗಲಿನ ನೋವನ್ನು ಹೇಗೋ ತಡೆದುಕೊಳ್ಳಬಹುದು, ನಿದ್ದೆ ಕೆಡಿಸುವ ನೋವು ಮನುಷ್ಯನನ್ನೇ ಕೆಡಿಸುತ್ತದೆ.

ಡಾಕ್ಟರ್ ಮೊದಲು ಕೈಯಿಂದಲೇ ಪರೀಕ್ಷೆ ಮಾಡಿದರು. ತೋಳನ್ನು ಪಕ್ಕದಿಂದ ಮೇಲೆತ್ತಲು ಹೇಳಿದರು. ಮೊದಲಿಗೆ ನೋವಿಲ್ಲ, ನಡುವೆ ಒಂದು ಹಂತದಲ್ಲಿ ಜೋರು ನೋವು, ಅದನ್ನು ದಾಟಿ ಪೂರ್ತಿ ಮೇಲೆ ಹೋದರೆ ಮತ್ತೆ ಕಡಿಮೆ. ಆಮೇಲೆ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಸಿ, ಮುಂಗೈಯನ್ನು ಅವರೇ ಹೊರಗಡೆಗೆ ತಿರುಗಿಸಿದರು. ಅದು ಸರಾಗವಾಗಿ ತಿರುಗಿತು. ಇದು ಮುಖ್ಯ ಪರೀಕ್ಷೆಯಂತೆ. ಫ್ರೋಜನ್ ಶೋಲ್ಡರ್ ಆಗಿದ್ದರೆ, ಅಂದರೆ ಕೀಲಿನ ಸುತ್ತಲ ಪೊರೆಯೇ ಬಿಗಿದುಕೊಂಡಿದ್ದರೆ, ಬೇರೆಯವರು ತಿರುಗಿಸಿದರೂ ಆ ದಿಕ್ಕಿಗೆ ಹೋಗುವುದಿಲ್ಲ. ಸಕ್ಕರೆ ಕಾಯಿಲೆ ಇದೆಯಾ, ಥೈರಾಯ್ಡ್ ಇದೆಯಾ ಅಂತಲೂ ಕೇಳಿದರು. ಭುಜಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳಿದ್ದಕ್ಕೆ, ಇವೆರಡರಲ್ಲಿ ಯಾವುದಾದರೂ ಇರುವವರಲ್ಲಿ ಫ್ರೋಜನ್ ಶೋಲ್ಡರ್ ಜಾಸ್ತಿ ಕಾಣುತ್ತದೆ ಅಂದರು. ನನ್ನದು ಅದಲ್ಲ ಅಂತ ಅಲ್ಲೇ ತಿಳಿಯಿತು. ಆದರೆ ಬೆರಳುಗಳಲ್ಲಿ ಜುಮ್ಮೆನ್ನುವುದೂ ಇತ್ತು. ಕತ್ತಿನಲ್ಲಿ ನರ ಒತ್ತಿಕೊಂಡಿದ್ದರೂ ನೋವು ಭುಜದಲ್ಲೇ ಕಾಣಿಸಿಕೊಳ್ಳಬಹುದು. ಅದಕ್ಕೇ ಭುಜದ ಜೊತೆ ಕತ್ತಿನ ಎಂಆರ್‌ಐ. ಗಂಟು ಸಿಕ್ಕಿದ್ದು ಹಾಗೆ.

ಭುಜದ ಕೀಲಿನ ಸುತ್ತ ನಾಲ್ಕು ಸ್ನಾಯುಗಳಿವೆ. ಅವುಗಳ ಟೆಂಡನ್‌ಗಳು ಸೇರಿ ತೋಳಿನ ಮೂಳೆಯ ತಲೆಯನ್ನು ಟೋಪಿ ಹಾಕಿದ ಹಾಗೆ ಮುಚ್ಚಿಕೊಂಡಿರುತ್ತವೆ. ಇದೇ ರೊಟೇಟರ್ ಕಫ್. ಅದರ ಮೇಲ್ಗಡೆ ಹೆಗಲ ಮೂಳೆಯ ಒಂದು ಚಾಚು ಇದೆ, ಅಕ್ರೋಮಿಯನ್ ಅಂತ. ನಾನು ನೋಡಿದ ಮೊದಲ ಸರ್ಜನ್ ವಿವರಿಸಿದ್ದು ಇಷ್ಟು: ಕೈ ಎತ್ತಿದಾಗ ಆ ಚಾಚು ಟೆಂಡನ್‌ಗೆ ಉಜ್ಜುತ್ತದೆ, ಉಜ್ಜಿ ಉಜ್ಜಿ ಹರಿಯುತ್ತದೆ, ಕೀಹೋಲ್ ಸರ್ಜರಿಯಲ್ಲಿ ಆ ಮೂಳೆಯ ಅಡಿಭಾಗವನ್ನು ಸ್ವಲ್ಪ ಕೆರೆದು ಜಾಗ ಮಾಡಿದರೆ ನೋವು ಹೋಗುತ್ತದೆ. ಕೇಳಲು ಎಷ್ಟು ಸರಿ ಅನ್ನಿಸುತ್ತದೆ ಅಲ್ವಾ? ಚಿತ್ರ ಬರೆದು ತೋರಿಸಿದರೆ ಯಾರಾದರೂ ಒಪ್ಪಿಬಿಡುತ್ತಾರೆ. ಚಾರ್ಲ್ಸ್ ನೀರ್ ಅನ್ನುವ ಅಮೆರಿಕದ ಸರ್ಜನ್ 1972ರಲ್ಲಿ ಈ ವಿವರಣೆಯನ್ನು ಪ್ರಕಟಿಸಿದರು. ಆಮೇಲೆ ದಶಕಗಟ್ಟಲೆ ಲಕ್ಷಾಂತರ ಜನರಿಗೆ ಈ ಆಪರೇಷನ್ ಆಯಿತು, ಮಾಡಿಸಿಕೊಂಡವರಲ್ಲಿ ಬಹಳ ಜನ ಸುಧಾರಿಸಿದರು ಕೂಡ. ಆದರೆ ಸುಧಾರಿಸಿದ್ದು ಮೂಳೆ ಕೆರೆದಿದ್ದರಿಂದಲೇನಾ ಅಂತ ಸರಿಯಾಗಿ ಪರೀಕ್ಷಿಸಲು ನಲವತ್ತಕ್ಕೂ ಜಾಸ್ತಿ ವರ್ಷ ಬೇಕಾಯಿತು.

ನಾನು ಸಮಯ ಕೇಳಿ ಎದ್ದು ಬಂದೆ, ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದೆ. ಇವರು ಬ್ರಿಟನ್ನಿನ ಸಿ-ಸಾ ಪ್ರಯೋಗದ ಬಗ್ಗೆ ಹೇಳಿದರು. ಅದರ ಫಲಿತಾಂಶ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ, 2018ರ ಸಂಚಿಕೆ. ಮನೆಗೆ ಬಂದು ನಿಧಾನವಾಗಿ ಓದಿದೆ. 32 ಆಸ್ಪತ್ರೆ, 313 ರೋಗಿಗಳು. ಎಲ್ಲರಿಗೂ ತಿಂಗಳುಗಟ್ಟಲೆ ಭುಜ ನೋವು, ವ್ಯಾಯಾಮ ಮಾಡಿ, ಇಂಜೆಕ್ಷನ್ ತೆಗೆದುಕೊಂಡು ಆಗಿತ್ತು. ಚೀಟಿ ಎತ್ತಿದ ರೀತಿಯಲ್ಲಿ ಅವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾದ ಆಪರೇಷನ್. ಇನ್ನೊಂದು ಗುಂಪಿಗೆ ಅರಿವಳಿಕೆ ಕೊಟ್ಟು, ಚರ್ಮದಲ್ಲಿ ತೂತು ಮಾಡಿ, ಒಳಗೆ ಕ್ಯಾಮೆರಾ ಹಾಕಿ ನೋಡಿ, ಏನನ್ನೂ ತೆಗೆಯದೆ ಹೊಲಿಗೆ ಹಾಕಿ ಕಳಿಸುವುದು. ಮೂರನೇ ಗುಂಪಿಗೆ ಯಾವ ಚಿಕಿತ್ಸೆಯೂ ಇಲ್ಲ. ಆಪರೇಷನ್ ಆದವರಿಗೆ ತಮಗೆ ನಿಜವಾದದ್ದು ಆಯಿತೋ ಬರೀ ನೋಡಿದ್ದೋ ಗೊತ್ತಿಲ್ಲ. ಆರು ತಿಂಗಳ ನಂತರ ಕೇಳಿದರೆ, ಮೂಳೆ ಕೆರೆಸಿಕೊಂಡವರಿಗೂ ಸುಮ್ನೆ ಕ್ಯಾಮೆರಾ ಹಾಕಿಸಿಕೊಂಡವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಏನೂ ಮಾಡಿಸದವರಿಗಿಂತ ಈ ಎರಡೂ ಗುಂಪಿನವರು ಸ್ವಲ್ಪ ಮೇಲಿದ್ದರು, ಆದರೆ ಆ ವ್ಯತ್ಯಾಸ ದಿನದ ಬದುಕಿನಲ್ಲಿ ಗೊತ್ತಾಗುವಷ್ಟು ದೊಡ್ಡದಾಗಿರಲಿಲ್ಲ. ಅದೇ ವರ್ಷ ಫಿನ್‌ಲ್ಯಾಂಡಿನಿಂದಲೂ 210 ಜನರ ಮೇಲೆ ಮಾಡಿದ ಇಂಥದ್ದೇ ಪ್ರಯೋಗ ಬಂತು, ಎರಡು ವರ್ಷ ನೋಡಿದ್ದರು, ಉತ್ತರ ಅದೇ. 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಸೇರಿಸಿದ ಸಮಿತಿ ಇಂಥ ನೋವಿಗೆ ಈ ಆಪರೇಷನ್ ಬೇಡ ಅಂತ ಖಡಾಖಂಡಿತವಾಗಿ ಹೇಳಿತು. ಆ ಸಮಿತಿಯಲ್ಲಿ ಭುಜ ನೋವು ಅನುಭವಿಸಿದ ರೋಗಿಗಳೂ ಇದ್ದರು.

ನಾನು ಡಾಕ್ಟರ್‌ಗೆ ಕೇಳಿದ್ದು ಒಂದೇ. ಆ ಪ್ರಯೋಗದವರ ಟೆಂಡನ್ ಸರಿಯಾಗಿತ್ತು, ನನ್ನದು ಹರಿದಿದೆಯಲ್ಲ? ಅದಕ್ಕೆ ಅವರು ಇನ್ನೊಂದು ಹಳೆಯ ಅಧ್ಯಯನ ತೋರಿಸಿದರು. 1995ರದ್ದು. ಭುಜದಲ್ಲಿ ಯಾವ ನೋವೂ ಇಲ್ಲದ 96 ಜನರಿಗೆ ಎಂಆರ್‌ಐ ಮಾಡಿದ್ದರು. ಅವರಲ್ಲಿ 34% ಜನರ ರೊಟೇಟರ್ ಕಫ್ ಸ್ವಲ್ಪವೋ ಪೂರ್ತಿಯೋ ಹರಿದಿತ್ತು. 60 ದಾಟಿದವರಲ್ಲಿ ಅರ್ಧಕ್ಕಿಂತ ಜಾಸ್ತಿ. ಅವರೆಲ್ಲ ಕೈ ಎತ್ತಿ ಕೆಲಸ ಮಾಡಿಕೊಂಡು ಆರಾಮಾಗಿದ್ದವರು! ವಯಸ್ಸಾದಂತೆ ಕೂದಲು ನೆರೆಯುವುದು ಎಷ್ಟು ಮಾಮೂಲೋ ಟೆಂಡನ್ ಸವೆಯುವುದೂ ಸುಮಾರು ಅಷ್ಟೇ ಮಾಮೂಲು ಅಂದರು. ನನ್ನ ರಿಪೋರ್ಟಿನಲ್ಲಿರುವ ಹರುಕು ನಿಜ, ನನ್ನ ನೋವೂ ನಿಜ, ಆದರೆ ಒಂದು ಇನ್ನೊಂದಕ್ಕೆ ಕಾರಣ ಅಂತ ಆ ಫೋಟೋ ಒಂದೇ ಸಾಬೀತು ಮಾಡುವುದಿಲ್ಲ. ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಗಂಟಿನ ವಿಷಯದಲ್ಲೂ ಇದೇ ಮಾತು ಕೈ ಹಿಡಿಯಿತು.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಬಿದ್ದು ಪೆಟ್ಟಾಗಿ, ಇದ್ದಕ್ಕಿದ್ದಂತೆ ತೋಳು ಎತ್ತಲು ಶಕ್ತಿಯೇ ಇಲ್ಲದಂತಾದರೆ ಅದು ಬೇರೆ ಕಥೆ. ಟೆಂಡನ್ ಪೂರ್ತಿ ಕಿತ್ತುಬಂದಿರಬಹುದು. ಅಂಥವರು ಕಾಯಬಾರದು, ತಡ ಮಾಡಿದರೆ ಸ್ನಾಯು ಹಿಂದಕ್ಕೆ ಎಳೆದುಕೊಂಡು ಹೊಲಿಯಲು ಕಷ್ಟವಾಗುತ್ತದೆ. ಭುಜ ಕೀಲು ತಪ್ಪಿದ ಚಿಕ್ಕ ವಯಸ್ಸಿನವರದ್ದೂ ಬೇರೆ ಲೆಕ್ಕ, ಅವರಲ್ಲಿ ಮತ್ತೆ ಮತ್ತೆ ತಪ್ಪುವುದು ಜಾಸ್ತಿ. ನಾನು ಹೇಳುತ್ತಿರುವುದು ಪೆಟ್ಟಿಲ್ಲದೆ ನಿಧಾನವಾಗಿ ಬಂದ ನೋವಿನ ಬಗ್ಗೆ ಮಾತ್ರ.

ಸರಿ, ವ್ಯಾಯಾಮ ಶುರು ಮಾಡಿದೆ. ನಿದ್ದೆಗಾಗಿ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ತೆಗೆದುಕೊಂಡೆ. ಅದು ಕೆಲವು ವಾರಗಳ ನೆರವು ಅಷ್ಟೇ, ವರ್ಷದ ಕೊನೆಗೆ ತೆಗೆದುಕೊಂಡವರೂ ತೆಗೆದುಕೊಳ್ಳದವರೂ ಒಂದೇ ಕಡೆ ಇರುತ್ತಾರೆ ಅಂತ ಮೊದಲೇ ಹೇಳಿದ್ದರು. ಬ್ರಿಟನ್ನಿನ ಗ್ರಾಸ್ಪ್ ಪ್ರಯೋಗದಲ್ಲಿ, 2021ರಲ್ಲಿ ಬಂದದ್ದು, 708 ಜನರಲ್ಲಿ ಕಂಡದ್ದೂ ಇದೇ. ಆ ಪ್ರಯೋಗದ ಇನ್ನೊಂದು ಉತ್ತರ ನನಗೆ ಜಾಸ್ತಿ ಇಷ್ಟವಾಯಿತು. ಆರು ಸಲದವರೆಗೆ ಫಿಸಿಯೋ ಹತ್ತಿರ ಹೋಗಿ ಹಂತಹಂತವಾಗಿ ವ್ಯಾಯಾಮ ಕಲಿತವರಿಗೂ, ಒಂದೇ ಸಲ ಹೋಗಿ ಚೆನ್ನಾಗಿ ಹೇಳಿಸಿಕೊಂಡು ಮನೆಯಲ್ಲಿ ಮಾಡಿದವರಿಗೂ ವರ್ಷದ ಕೊನೆಗೆ ವ್ಯತ್ಯಾಸ ಇರಲಿಲ್ಲ. ಅಂದರೆ ಪದೇ ಪದೇ ಹೋಗಲು ಆಗದವರು ಎದೆಗುಂದಬೇಕಾಗಿಲ್ಲ. ಮನೆಯಲ್ಲೇ, ತಪ್ಪದೆ, ಮಾಡಿದರೆ ಸಾಕು.

ಮೊದಮೊದಲು ಬಗ್ಗಿ ನಿಂತು ತೋಳನ್ನು ಸುಮ್ನೆ ಜೋಲುಬಿಟ್ಟು ತೂಗುವುದು. ಆಮೇಲೆ ಗೋಡೆ ಮೇಲೆ ಬೆರಳು ಜಾರಿಸುತ್ತಾ ಮೇಲೆ ಹೋಗುವುದು. ಮೊಣಕೈ ಪಕ್ಕೆಗೆ ಇಟ್ಟು ರಬ್ಬರ್ ಪಟ್ಟಿಯನ್ನು ಹೊರಗೆ ಎಳೆಯುವುದು. ಬೆನ್ನಿನ ಹೆಗಲ ಮೂಳೆಗಳನ್ನು ಹತ್ತಿರ ತಂದು ಹಿಡಿಯುವುದು. ಫಿಸಿಯೋ ಕೊಟ್ಟ ನಿಯಮ ಸರಳವಾಗಿತ್ತು. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ, ಆದರೆ ಮುಗಿದ ಮೇಲೆ ಅದು ಇಳಿಯಬೇಕು, ಮಾರನೇ ಬೆಳಿಗ್ಗೆ ಹಿಂದಿನ ದಿನಕ್ಕಿಂತ ಕೆಟ್ಟದಾಗಿರಬಾರದು. ಮೊದಲ ಕೆಲವು ವಾರ ಏನೂ ಆಗಲಿಲ್ಲ. ನಿಜವಾಗಿ ಹೇಳುತ್ತೇನೆ, ಏನೂ ಆಗಲಿಲ್ಲ. ಇಂಜೆಕ್ಷನ್ ಪ್ರಭಾವ ಇಳಿದ ಮೇಲೆ ಆಪರೇಷನ್ನೇ ಸರಿಯಿತ್ತೇನೋ ಅಂತ ಯೋಚನೆ ಬಂತು. ಮೂರನೇ ತಿಂಗಳ ಹೊತ್ತಿಗೆ ರಾತ್ರಿ ಏಳುವುದು ಕಡಿಮೆಯಾಯಿತು. ಯಾವತ್ತು ಕಡಿಮೆಯಾಯಿತು ಅಂತ ಹೇಳಲು ಬರುವುದಿಲ್ಲ. ನೋವು ಹೋಗುವಾಗ ಹೇಳಿ ಹೋಗುವುದಿಲ್ಲ.

ಇಷ್ಟರಲ್ಲಿ ಗಂಟಿನ ಕೆಲಸ ಒಂದು ಕಡೆ ನಡೆಯುತ್ತಲೇ ಇತ್ತು. ಮನಸ್ಸು ಹಣ್ಣಾಗಿದ್ದು ಇದರಿಂದಲೇ.

ಮೊದಲು ರಕ್ತ ಪರೀಕ್ಷೆ, ಟಿಎಸ್‌ಎಚ್, ಅಂದರೆ ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನು. ಅದು ಕಡಿಮೆ ಬಂದಿದ್ದರೆ ಗಂಟು ತಾನೇ ಹಾರ್ಮೋನು ತಯಾರಿಸುತ್ತಿದೆಯಾ ಅಂತ ನೋಡಲು ಬೇರೆ ಸ್ಕ್ಯಾನ್ ಬೇಕಾಗುತ್ತಿತ್ತು, ಅಂಥ ಗಂಟುಗಳು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ನನ್ನದು ಮಾಮೂಲಾಗಿತ್ತು. ಥೈರಾಯ್ಡ್ ಚೆನ್ನಾಗಿ ಕೆಲಸ ಮಾಡುತ್ತಿದೆ, ಹಾಗಾದರೆ ಗಂಟೂ ಒಳ್ಳೆಯದೇ ಇರಬೇಕು ಅಂತ ಮನೆಯವರೆಲ್ಲ ಖುಷಿಪಟ್ಟರು. ಹಾಗಲ್ಲವಂತೆ. ಥೈರಾಯ್ಡ್ ಕ್ಯಾನ್ಸರ್ ಇರುವ ಬಹುಪಾಲು ಜನರ ರಕ್ತ ಪರೀಕ್ಷೆ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಮುಂದಿನದು ಅಲ್ಟ್ರಾಸೌಂಡ್.

ಅಲ್ಲಿ ಸ್ಕ್ಯಾನ್ ಮಾಡಿದ ರೇಡಿಯಾಲಜಿಸ್ಟ್ ತುಂಬಾ ತಾಳ್ಮೆಯವರು. ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಗಂಟು 17 ಮಿಲಿಮೀಟರ್. ಅಳತೆಗಿಂತ ರೂಪ ಮುಖ್ಯ ಅಂದರು. ಅಮೆರಿಕದ ರೇಡಿಯಾಲಜಿ ಕಾಲೇಜು 2017ರಲ್ಲಿ ಪ್ರಕಟಿಸಿದ ಟೈರಾಡ್ಸ್ ಅನ್ನುವ ಪದ್ಧತಿಯಲ್ಲಿ ಐದು ವಿಷಯ ನೋಡಿ ಅಂಕ ಕೊಡುತ್ತಾರೆ. ಗಂಟಿನೊಳಗೆ ನೀರಿದೆಯೋ ಗಟ್ಟಿಯಿದೆಯೋ, ಸುತ್ತಲಿನ ಗ್ರಂಥಿಗಿಂತ ಕಪ್ಪಾಗಿ ಕಾಣುತ್ತಿದೆಯೋ, ಅಡ್ಡಕ್ಕಿಂತ ಎತ್ತರ ಜಾಸ್ತಿಯೋ, ಅಂಚು ನಯವಾಗಿದೆಯೋ ಒಡ್ಡೊಡ್ಡಾಗಿದೆಯೋ, ಒಳಗೆ ಬಿಳಿ ಚುಕ್ಕಿಗಳಿವೆಯೋ. ಬರೀ ನೀರು ತುಂಬಿದ್ದರೆ ಸೊನ್ನೆ. ಅಡ್ಡಕ್ಕಿಂತ ಎತ್ತರ ಜಾಸ್ತಿಯಿದ್ದರೆ ಒಂದೇ ಏಟಿಗೆ 3 ಅಂಕ, ಸಣ್ಣ ಬಿಳಿ ಚುಕ್ಕಿಗಳಿದ್ದರೆ ಇನ್ನೊಂದು 3. ನನ್ನ ಗಂಟು ಪೂರ್ತಿ ಗಟ್ಟಿ, ಅದಕ್ಕೆ 2. ಕಪ್ಪಾಗಿದೆ, ಅದಕ್ಕೆ 2. ಅಂಚು ನಯ, ಅಡ್ಡ ಜಾಸ್ತಿ, ಚುಕ್ಕಿಗಳಿಲ್ಲ, ಹಾಗಾಗಿ ಉಳಿದ ಮೂರಕ್ಕೂ ಸೊನ್ನೆ. ಒಟ್ಟು 4, ಅಂದರೆ ನಾಲ್ಕನೇ ದರ್ಜೆ. ಈ ದರ್ಜೆಯಲ್ಲಿ 1.5 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡದಿದ್ದರೆ ಸೂಜಿ ಪರೀಕ್ಷೆ, ಅಂದರೆ ಗಂಟಿಗೆ ಸೂಜಿ ಚುಚ್ಚಿ ಜೀವಕೋಶ ತೆಗೆದು ನೋಡುವುದು, ಅದಕ್ಕಿಂತ ಚಿಕ್ಕದಾಗಿ 1 ಸೆಂಟಿಮೀಟರ್‌ವರೆಗೆ ಇದ್ದರೆ ಬರೀ ಗಮನಿಸುವುದು. ನಾನು ಸೂಜಿ ಪರೀಕ್ಷೆಯ ಕಡೆಗೆ ಬಿದ್ದೆ.

ಗಂಟುಗಳು ಎಷ್ಟು ಜನರಲ್ಲಿ ಇರುತ್ತವೆ ಅಂತ ಅವತ್ತು ಗೊತ್ತಾಯಿತು. ಅಲ್ಟ್ರಾಸೌಂಡ್ ಹಿಡಿದು ಹುಡುಕಿದರೆ 19%ರಿಂದ 68%ವರೆಗೆ ಜನರಲ್ಲಿ ಸಿಗುತ್ತವೆ ಅಂತ ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಜಾಸ್ತಿ. ಅಮೆರಿಕದ ಥೈರಾಯ್ಡ್ ಸಂಘದ 2015ರ ಮಾರ್ಗಸೂಚಿ ಪ್ರಕಾರ ಗಂಟುಗಳಲ್ಲಿ ಕ್ಯಾನ್ಸರ್ ಆಗಿರುವುದು 7%ರಿಂದ 15%. ಉಳಿದವೆಲ್ಲ ಸುಮ್ನೆ ಇರುವ ಗಂಟುಗಳು. ಭುಜದ ಹರುಕಿನ ಹಾಗೆ ಇವನ್ನೂ ಎಷ್ಟೋ ಜನ ಗೊತ್ತಿಲ್ಲದೆ ಇಟ್ಟುಕೊಂಡು ಬದುಕಿರುತ್ತಾರೆ.

ಸೂಜಿ ಪರೀಕ್ಷೆ ಬಗ್ಗೆ ಹೆದರಿಕೆ ಇರುವವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೆನ್ನ ಮೇಲೆ ಮಲಗಿಸಿ ಹೆಗಲ ಕೆಳಗೆ ದಿಂಬಿಟ್ಟು ತಲೆಯನ್ನು ಹಿಂದಕ್ಕೆ ಬಾಗಿಸುತ್ತಾರೆ, ಕತ್ತು ಮೇಲೆ ಬರಲಿ ಅಂತ. ನನಗೆ ಕಷ್ಟವಾಗಿದ್ದು ಸೂಜಿಯಲ್ಲ, ಈ ದಿಂಬು. ಬಲ ಭುಜ ಆ ಭಂಗಿಯಲ್ಲಿ ಉರಿಯತೊಡಗಿತು. ಹೇಳಿದ ತಕ್ಷಣ ತೋಳಿನ ಕೆಳಗೆ ಮಡಿಸಿದ ಬಟ್ಟೆ ಇಟ್ಟು ಸರಿ ಮಾಡಿದರು. ಭುಜ ನೋವಿರುವವರು ಇದನ್ನು ಮೊದಲೇ ಹೇಳಿ, ನಡುವೆ ಅಲುಗಾಡುವಂತಿಲ್ಲ. ಸೂಜಿ ತುಂಬಾ ತೆಳು, ರಕ್ತ ತೆಗೆಯುವ ಸೂಜಿಗಿಂತಲೂ ತೆಳು. ಅಲ್ಟ್ರಾಸೌಂಡಿನಲ್ಲಿ ನೋಡಿಕೊಂಡೇ ಚುಚ್ಚುತ್ತಾರೆ. ಸೂಜಿ ಒಳಗಿರುವಾಗ ಮಾತಾಡಬಾರದು, ಎಂಜಲು ನುಂಗಬಾರದು. ನುಂಗಬೇಡಿ ಅಂದ ಕೂಡಲೇ ನುಂಗಬೇಕು ಅನ್ನಿಸುತ್ತದೆ, ಆದರೆ ಪ್ರತಿ ಸಲ ಕೆಲವೇ ಸೆಕೆಂಡು. ಒಂದಕ್ಕಿಂತ ಜಾಸ್ತಿ ಸಲ ಚುಚ್ಚುತ್ತಾರೆ, ಸಾಕಷ್ಟು ಜೀವಕೋಶ ಸಿಗಬೇಕಲ್ಲ. ಒತ್ತಿದ ಹಾಗೆ, ಸ್ವಲ್ಪ ಎಳೆದ ಹಾಗೆ ಅನ್ನಿಸಿತು. ಕಿವಿಯ ಕಡೆಗೆ ಒಂದು ಸೆಳೆತ ಬಂದು ಹೋಯಿತು. ಮುಗಿದ ಮೇಲೆ ಒಂದೆರಡು ದಿನ ಕತ್ತು ನೊಂದಿತು, ನೀಲಿಗಟ್ಟಿತು, ಅಷ್ಟೇ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಹೆದರಿಸಿದವರಿದ್ದರು. ಡಾಕ್ಟರ್‌ಗೆ ಕೇಳಿದೆ. ಇಷ್ಟು ತೆಳು ಸೂಜಿಯಲ್ಲಿ ಹಾಗಾಗುವುದು ಅತಿ ಅಪರೂಪ, ಆ ಹೆದರಿಕೆಯಿಂದ ಪರೀಕ್ಷೆ ಬಿಡಬಾರದು ಅಂದರು.

ಫಲಿತಾಂಶ ಬಂತು: ಬೆಥೆಸ್ಡಾ ಮೂರು.

ಅಮೆರಿಕದ ಬೆಥೆಸ್ಡಾ ಅನ್ನುವ ಊರಿನಲ್ಲಿ 2007ರಲ್ಲಿ ತಜ್ಞರೆಲ್ಲ ಸೇರಿ ಸೂಜಿ ಪರೀಕ್ಷೆಯ ಫಲಿತಾಂಶವನ್ನು ಎಲ್ಲರೂ ಒಂದೇ ರೀತಿ ಬರೆಯಲಿ ಅಂತ ಆರು ವರ್ಗ ಮಾಡಿದರು. ಒಂದು ಅಂದರೆ ಜೀವಕೋಶ ಸಾಲಲಿಲ್ಲ. ಎರಡು ಅಂದರೆ ಅಪಾಯವಿಲ್ಲದ್ದು. ಆರು ಅಂದರೆ ಕ್ಯಾನ್ಸರ್. ಮೂರು ಅಂದರೆ ಜೀವಕೋಶಗಳು ಸ್ವಲ್ಪ ಬೇರೆ ಥರ ಕಾಣುತ್ತಿವೆ, ಆದರೆ ಹೀಗೇ ಅಂತ ಹೇಳಲಾಗುವುದಿಲ್ಲ. ರೋಗಿಗೆ ಇದಕ್ಕಿಂತ ಕಷ್ಟದ ಉತ್ತರ ಇಲ್ಲ. ಆರು ಅಂದರೆ ಏನು ಮಾಡಬೇಕು ಗೊತ್ತು, ಎರಡು ಅಂದರೆ ಮನೆಗೆ ಹೋಗಬಹುದು. ಮೂರು ಅಂದರೆ ನಡುವೆ ನಿಲ್ಲಬೇಕು. ನಮ್ಮ ಅಕ್ಕ ಫೋನಿನಲ್ಲಿ ಅತ್ತುಬಿಟ್ಟಳು. "ಅರ್ಧ ಥೈರಾಯ್ಡ್ ತೆಗೆಸಿಬಿಡು, ನಿಶ್ಚಿಂತೆ" ಅಂದಳು. ನಾನು ನೋಡಿದ ಒಬ್ಬ ಸರ್ಜನ್ ಕೂಡ ಅದನ್ನೇ ಹೇಳಿದರು. ಆ ಮಾತಿನ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಥೈರಾಯ್ಡ್ ಆಪರೇಷನ್ ಚಿಕ್ಕ ಮಾತಲ್ಲ. ದನಿಯ ನರ ಗ್ರಂಥಿಯ ಬೆನ್ನಿಗೇ ಹೋಗುತ್ತದೆ. ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅಲ್ಲೇ ಇವೆ. ಅರ್ಧ ತೆಗೆದರೂ ಕೆಲವರಿಗೆ ಜೀವನ ಪೂರ್ತಿ ಮಾತ್ರೆ ಬೇಕಾಗುತ್ತದೆ.

ನನ್ನ ಡಾಕ್ಟರ್ ಕೂತು ಲೆಕ್ಕ ಹೇಳಿದರು. 2023ರ ಬೆಥೆಸ್ಡಾ ಆವೃತ್ತಿಯಲ್ಲಿ ಮೂರನೇ ವರ್ಗಕ್ಕೆ ಕ್ಯಾನ್ಸರ್ ಸಾಧ್ಯತೆ ಸರಾಸರಿ 22%, ಎರಡನೇ ವರ್ಗಕ್ಕೆ 4%, ಆರಕ್ಕೆ 97% ಅಂತ ಕೊಟ್ಟಿದ್ದಾರೆ. ಈ ಅಂಕಿಗಳ ಬಗ್ಗೆ ಅವರು ಹೇಳಿದ ಒಂದು ಮಾತು ಎಲ್ಲರಿಗೂ ಗೊತ್ತಿರಬೇಕು. ಇವು ಬಂದಿರುವುದು ಆಪರೇಷನ್ ಆದ ಗಂಟುಗಳಿಂದ, ಯಾಕೆಂದರೆ ಹೊರಗೆ ತೆಗೆದು ನೋಡಿದಾಗಷ್ಟೇ ಖಚಿತ ಉತ್ತರ ಸಿಗುತ್ತದೆ. ಅನುಮಾನ ಜಾಸ್ತಿ ಇದ್ದವನ್ನೇ ಆಪರೇಷನ್ ಮಾಡಿರುತ್ತಾರೆ. ಹಾಗಾಗಿ ಎಲ್ಲ ಮೂರನೇ ವರ್ಗದ ಗಂಟುಗಳನ್ನೂ ಸೇರಿಸಿದರೆ ನಿಜವಾದ ಸಾಧ್ಯತೆ ಅದಕ್ಕಿಂತ ಕಡಿಮೆಯೇ ಇರಬೇಕು. ದಾರಿ ಮೂರಿತ್ತು. ಮತ್ತೆ ಸೂಜಿ ಪರೀಕ್ಷೆ ಮಾಡುವುದು, ಜೀವಕೋಶದ ಜೀನ್ ಪರೀಕ್ಷೆ ಮಾಡಿಸುವುದು, ಇಲ್ಲವೇ ಆಪರೇಷನ್. ಜೀನ್ ಪರೀಕ್ಷೆ ಇಂಥ ನಡುವಿನ ಉತ್ತರ ಬಂದವರಿಗಾಗಿಯೇ ಬಂದದ್ದು. ಬೇಡದ ಆಪರೇಷನ್ ತಪ್ಪಿಸುವುದೇ ಅದರ ಮುಖ್ಯ ಉದ್ದೇಶ, 2012ರಿಂದ ಅದರ ಮೇಲೆ ದೊಡ್ಡ ಅಧ್ಯಯನಗಳು ಬಂದಿವೆ. ಮೊದಲು ಸೂಜಿ ಪರೀಕ್ಷೆಯನ್ನೇ ಇನ್ನೊಮ್ಮೆ ಮಾಡೋಣ, ಆಗಲೂ ಉತ್ತರ ಸಿಗದಿದ್ದರೆ ಜೀನ್ ಪರೀಕ್ಷೆ ಅಂತ ತೀರ್ಮಾನವಾಯಿತು.

ಎರಡು ಪರೀಕ್ಷೆಗಳ ನಡುವೆ ಕೆಲವು ವಾರ ಕಾಯಬೇಕಿತ್ತು. ಆ ದಿನಗಳಲ್ಲೇ ನಾನು ಕೊರಿಯಾದ ಕಥೆ ಓದಿದ್ದು. 1999ರಲ್ಲಿ ದಕ್ಷಿಣ ಕೊರಿಯಾ ಸರ್ಕಾರ ಬೇರೆ ಕ್ಯಾನ್ಸರ್‌ಗಳ ತಪಾಸಣೆ ಯೋಜನೆ ಶುರು ಮಾಡಿತು, ಅದರ ಜೊತೆಗೆ ಜನ ಸ್ವಲ್ಪ ಹಣ ಕೊಟ್ಟು ಥೈರಾಯ್ಡ್ ಸ್ಕ್ಯಾನನ್ನೂ ಮಾಡಿಸಿಕೊಳ್ಳತೊಡಗಿದರು. 2011ರ ಹೊತ್ತಿಗೆ ಅಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕಿಂತ 15 ಪಟ್ಟು ಏರಿತ್ತು. ಆ ಒಂದೇ ವರ್ಷ 40,000ಕ್ಕೂ ಜಾಸ್ತಿ ಜನರಿಗೆ ಪತ್ತೆಯಾಯಿತು, ಹೆಚ್ಚುಕಡಿಮೆ ಎಲ್ಲರಿಗೂ ಆಪರೇಷನ್. ಆದರೆ ಥೈರಾಯ್ಡ್ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣ ಬದಲಾಗಲೇ ಇಲ್ಲ. ಅಂದರೆ ಹುಡುಕಿ ತೆಗೆದವುಗಳಲ್ಲಿ ಬಹುಪಾಲು ಯಾರಿಗೂ ಕೇಡು ಮಾಡದೆ ಸುಮ್ನೆ ಇದ್ದುಬಿಡುತ್ತಿದ್ದವು. ಓದಿ ಮನಸ್ಸಿಗೆ ತುಂಬಾ ಬೇಸರವಾಯಿತು. ಅಷ್ಟು ಜನ ಹೆದರಿದರು, ಕತ್ತು ಕೊಯ್ಸಿಕೊಂಡರು, ಮಾತ್ರೆ ಹಿಡಿದರು.

ಜಪಾನಿನವರು ಬೇರೆ ದಾರಿ ಹಿಡಿದಿದ್ದರು. ಕೋಬೆಯ ಕುಮಾ ಆಸ್ಪತ್ರೆಯಲ್ಲಿ ಅಕಿರಾ ಮಿಯೌಚಿ ಅನ್ನುವ ಸರ್ಜನ್ ಸೂಚಿಸಿದಂತೆ 1993ರಿಂದ, 1 ಸೆಂಟಿಮೀಟರ್‌ವರೆಗಿನ, ಅಪಾಯದ ಲಕ್ಷಣವಿಲ್ಲದ ಪ್ಯಾಪಿಲರಿ ಅನ್ನುವ ಬಗೆಯ ಚಿಕ್ಕ ಥೈರಾಯ್ಡ್ ಕ್ಯಾನ್ಸರ್ ಇರುವವರಿಗೆ ಆಪರೇಷನ್ ಬದಲು ಗಮನಿಸುತ್ತಾ ಇರುವ ಆಯ್ಕೆ ಕೊಟ್ಟರು. 2014ರಲ್ಲಿ 1,235 ರೋಗಿಗಳ ಲೆಕ್ಕ ಪ್ರಕಟವಾಯಿತು. ಹತ್ತು ವರ್ಷದಲ್ಲಿ 3 ಮಿಲಿಮೀಟರ್ ಅಥವಾ ಜಾಸ್ತಿ ಬೆಳೆದದ್ದು 8% ಜನರಲ್ಲಿ ಮಾತ್ರ, ಹತ್ತಿರದ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಹೋದದ್ದು 4%ಕ್ಕಿಂತ ಕಡಿಮೆ. ಬೆಳೆದವರಿಗೆ ಆಮೇಲೆ ಆಪರೇಷನ್ ಮಾಡಿದರು, ಆ ಕ್ಯಾನ್ಸರ್‌ನಿಂದ ಯಾರೂ ಸಾಯಲಿಲ್ಲ. ನನ್ನ ಗಂಟು 17 ಮಿಲಿಮೀಟರ್, ಈ ಲೆಕ್ಕ ನನಗೆ ನೇರವಾಗಿ ಹೊಂದುವುದಿಲ್ಲ ಅಂತ ಗೊತ್ತಿತ್ತು. ಆದರೂ ಅದು ನನಗೆ ಉಸಿರಾಡಲು ಜಾಗ ಕೊಟ್ಟಿತು. ಕೆಟ್ಟ ಉತ್ತರವೇ ಬಂದರೂ ಕೆಲವು ವಾರ ಕಾದಿದ್ದರಿಂದ ಏನೂ ಕೈತಪ್ಪುವುದಿಲ್ಲ ಅನ್ನುವಷ್ಟು ನಂಬಿಕೆ ಬಂತು.

ಆ ಜನರ ಬಗ್ಗೆ ನಾನು ತುಂಬಾ ಯೋಚಿಸುತ್ತೇನೆ. ಕ್ಯಾನ್ಸರ್ ಅಂತ ಗೊತ್ತಾದ ಮೇಲೂ, ಮುಂದೇನಾಗುತ್ತದೆ ಅಂತ ಹೇಳುವ ಒಂದೇ ಒಂದು ಅಧ್ಯಯನ ಇಲ್ಲದ ಕಾಲದಲ್ಲಿ, ಕಾದು ನೋಡುತ್ತೇನೆ ಅಂದವರು ಅವರು. ಸಿ-ಸಾ ಪ್ರಯೋಗದ ಎರಡನೇ ಗುಂಪಿನವರೂ ಹಾಗೆ. ತಮಗೆ ಬರೀ ಕ್ಯಾಮೆರಾ ಹಾಕಿ ಹೊಲಿಯಬಹುದು ಅಂತ ಗೊತ್ತಿದ್ದೇ ಸಹಿ ಹಾಕಿ ಅರಿವಳಿಕೆ ತೆಗೆದುಕೊಂಡರು, ನೋವಿನಲ್ಲಿ ಇದ್ದುಕೊಂಡು. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅವರಿಲ್ಲದಿದ್ದರೆ ಇವತ್ತು ನನ್ನ ಭುಜದ ಮೂಳೆ ಕೆರೆದಿರುತ್ತಿದ್ದರು, ನನ್ನ ಅರ್ಧ ಥೈರಾಯ್ಡ್ ಇರುತ್ತಿರಲಿಲ್ಲವೇನೋ.

ಎರಡನೇ ಸೂಜಿ ಪರೀಕ್ಷೆಯ ಉತ್ತರ ಬೆಥೆಸ್ಡಾ ಎರಡು. ಅಪಾಯವಿಲ್ಲದ್ದು. ಅಕ್ಕ ಮತ್ತೆ ಅತ್ತಳು.

ಎರಡು ಬಂದ ಮೇಲೆ ಮುಂದೇನು ಅಂದರೆ ಗಮನಿಸುವುದು. ಇಟಲಿಯಲ್ಲಿ 992 ಜನರ ಇಂಥ ಗಂಟುಗಳನ್ನು ಐದು ವರ್ಷ ನೋಡಿದ ಅಧ್ಯಯನ 2015ರಲ್ಲಿ ಬಂದಿದೆ. ಗಂಟು ಬೆಳೆದದ್ದು 15.4% ಜನರಲ್ಲಿ. 18.5% ಜನರಲ್ಲಿ ಚಿಕ್ಕದಾಯಿತು, ತಾನಾಗಿಯೇ. ಮೊದಲಿಂದ ಇದ್ದ ಗಂಟುಗಳಲ್ಲಿ ಆಮೇಲೆ ಕ್ಯಾನ್ಸರ್ ಅಂತ ತಿಳಿದದ್ದು 0.3% ಮಾತ್ರ. ಕಾಯುವುದು ಸುಲಭವಲ್ಲ, ಆದರೆ ಈ ಅಂಕಿ ಕೈಲಿದ್ದರೆ ಕಾಯಬಹುದು. ಗಂಟು ಬೇಗ ಬೆಳೆದರೆ, ದನಿ ಗೊಗ್ಗರಾದರೆ, ಕತ್ತಿನ ಪಕ್ಕದಲ್ಲಿ ಬೇರೆ ಗಂಟು ಕೈಗೆ ಸಿಕ್ಕರೆ ಕಾಯದೆ ಹೋಗಬೇಕು. ಚಿಕ್ಕಂದಿನಲ್ಲಿ ತಲೆ ಕತ್ತಿಗೆ ರೇಡಿಯೇಷನ್ ಆದವರು, ಮನೆಯಲ್ಲಿ ಥೈರಾಯ್ಡ್ ಕ್ಯಾನ್ಸರ್ ಇದ್ದವರು ಅದನ್ನು ಡಾಕ್ಟರ್‌ಗೆ ಮೊದಲೇ ಹೇಳಬೇಕು.

ಎರಡನೇ ಸಲ ಹೋದಾಗ ಅಲ್ಲಿನವರು ಒಂದು ಒಪ್ಪಿಗೆ ಪತ್ರ ಕೊಟ್ಟರು. ಪರೀಕ್ಷೆಗೆ ಬಳಸಿ ಉಳಿದ ಜೀವಕೋಶ, ಅಲ್ಟ್ರಾಸೌಂಡ್ ಚಿತ್ರಗಳು, ಹೆಸರು ತೆಗೆದು, ಸಂಶೋಧನೆಗೆ ಬಳಸಬಹುದೇ ಅಂತ. ಕಂಪ್ಯೂಟರ್‌ಗೆ ಗಂಟಿನ ಚಿತ್ರ ಓದಲು ಕಲಿಸುವ ಕೆಲಸಕ್ಕೆ, ಮೂರನೇ ವರ್ಗದಂಥ ನಡುವಿನ ಉತ್ತರಗಳನ್ನು ಕಡಿಮೆ ಮಾಡಲು. ಪೂರ್ತಿ ಓದಿದೆ. ಬೇಡ ಅಂದರೂ ನನ್ನ ಚಿಕಿತ್ಸೆಗೆ ತೊಂದರೆ ಇಲ್ಲ, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಅಂತ ಸ್ಪಷ್ಟವಾಗಿ ಬರೆದಿತ್ತು. ಹೆಚ್ಚುವರಿಯಾಗಿ ಸೂಜಿ ಚುಚ್ಚುತ್ತೀರಾ ಅಂತ ಒಂದು ಪ್ರಶ್ನೆ ಕೇಳಿದೆ. ಇಲ್ಲ ಅಂದರು. ಸಹಿ ಹಾಕಿದೆ. ಚುಚ್ಚುತ್ತೇವೆ ಅಂದಿದ್ದರೂ ಹಾಕುತ್ತಿದ್ದೆ ಅನ್ನಿಸುತ್ತದೆ.

ಭುಜ ಈಗ ಚೆನ್ನಾಗಿದೆ. ಕೈ ಹಿಂದಕ್ಕೆ ಪೂರ್ತಿ ತಿರುಗಿಸಿದರೆ ಒಂದು ಕಡೆ ಹಿಡಿಯುತ್ತದೆ, ವ್ಯಾಯಾಮ ಬಿಟ್ಟ ವಾರ ಅದು ಜಾಸ್ತಿಯಾಗುತ್ತದೆ. ಮತ್ತೆ ಎಂಆರ್‌ಐ ಮಾಡಿಸಿಲ್ಲ. ಹರುಕು ಹಾಗೇ ಇದೆಯೋ ಏನೋ, ನಿದ್ದೆ ಬರುತ್ತಿದೆ, ತೋಳು ಮೇಲೆ ಹೋಗುತ್ತಿದೆ, ನನಗೆ ಅಷ್ಟು ಬೇಕಿತ್ತು. ಗಂಟಿಗೆ ಮುಂದಿನ ಸ್ಕ್ಯಾನ್ ಬರುವ ವರ್ಷ. ಆವಾಗ ಹಳೆಯ ಚಿತ್ರಗಳನ್ನು ತಗೊಂಡು ಹೋಗಿ, ಪಕ್ಕದಲ್ಲಿಟ್ಟುಕೊಂಡೇ ಅಳೆಯಿರಿ ಅಂತ ಕೇಳುವವಳಿದ್ದೇನೆ. ನೀವೂ ಕೇಳಿ. ಅಳೆಯುವ ಕೈ ಬದಲಾದರೆ ಒಂದು ಮಿಲಿಮೀಟರ್ ಆಚೆ ಈಚೆ ಆಗುವುದು ಮಾಮೂಲು. ಕನಿಷ್ಠ ಎರಡು ಅಳತೆಗಳಲ್ಲಿ 20% ಏರಿಕೆ, ಅದೂ 2 ಮಿಲಿಮೀಟರ್‌ಗೆ ಕಡಿಮೆ ಇಲ್ಲದಂತೆ, ಇಲ್ಲವೇ ಒಟ್ಟು ಗಾತ್ರ 50%ಕ್ಕಿಂತ ಜಾಸ್ತಿ ಆಗಿದ್ದರೆ ಮಾತ್ರ ಗಂಟು ನಿಜವಾಗಿ ಬೆಳೆದಿದೆ ಅಂತ ಲೆಕ್ಕ.